ಹೊರೆ ಇಳಿಸಲು ಒಂದು ಜಾಗ

ರಸ್ತೆ ಇರುವುದು ಸಾಗುವುದಕ್ಕೆ ಎಂದು ನಾವೆಲ್ಲ ನಂಬಿದ್ದೇವೆ. ಇದು ಅರ್ಧ ಸತ್ಯ. ಹೊರಟ ಗಾಡಿ ಎಲ್ಲಾದರೊಂದು ಕಡೆ ನಿಲ್ಲಲೇಬೇಕು. ಹೇರಿದ ಹೊರೆಯನ್ನು ಎಲ್ಲಾದರೊಂದು ಕಡೆ ಇಳಿಸಲೇಬೇಕು. ಓಡುವ ಗಾಡಿಯ ಬಗ್ಗೆ ನಾವು ಬೇಕಾದಷ್ಟು ಚರ್ಚಿಸುತ್ತೇವೆ. ರಸ್ತೆ ಅಗಲವಾಗಬೇಕು, ಮೇಲ್ಸೇತುವೆ ಬೇಕು ಎನ್ನುತ್ತೇವೆ. ನಿಂತ ಗಾಡಿಯ ನೆನಪಾಗುವುದು ಅದು ನಮ್ಮ ದಾರಿಗೆ ಅಡ್ಡ ಬಂದಾಗ ಮಾತ್ರ.

ಬೆಂಗಳೂರಿನಿಂದ ತುಮಕೂರಿನ ಕಡೆ ಹೊರಟವರು ನೆಲಮಂಗಲ ಸಮೀಪಿಸುತ್ತಿದ್ದಂತೆ ಹೆದ್ದಾರಿಯ ಅಂಚಿನಲ್ಲಿ ಸಾಲುಗಟ್ಟಿ ನಿಂತ ಲಾರಿಗಳನ್ನು ಕಾಣದೆ ಇರಲಾರರು. ಕೋಲಾರದ ದಿಕ್ಕಿನಲ್ಲಿ ಹೊಸಕೋಟೆಯ ಆಸುಪಾಸಿನಲ್ಲೂ ಇದೇ ನೋಟ. ಕೆಲವರು ಗೋದಾಮಿನ ಬಾಗಿಲು ತೆರೆಯುವುದನ್ನು ಕಾಯುತ್ತಿರುತ್ತಾರೆ, ಕೆಲವರು ನಗರದೊಳಗೆ ಬಿಡುವ ಹೊತ್ತನ್ನು ಕಾಯುತ್ತಿರುತ್ತಾರೆ, ಇನ್ನು ಕೆಲವರು ಎರಡು ದಿನದ ನಿದ್ದೆಗೆಟ್ಟ ಕಣ್ಣನ್ನು ಒಂದು ಗಳಿಗೆ ಮುಚ್ಚಿರುತ್ತಾರೆ. ಹಗಲಿನಲ್ಲಿ ಇದು ಬರೀ ಕಿರಿಕಿರಿ. ರಾತ್ರಿ ಹಿಂದೀಪವಿಲ್ಲದೆ ನಿಂತ ಲಾರಿ ಎದುರು ದೀಪದ ಪ್ರಖರತೆಗೆ ಕಣ್ಣು ಕತ್ತಲಿಟ್ಟ ಬೈಕ್ ಸವಾರನ ಪಾಲಿಗೆ ಗೋಡೆಯೇ ಸರಿ. ಅಲ್ಲಿ ಹೋಗುವುದು ಪ್ರಾಣ.

ಚಾಲಕನನ್ನು ಬೈಯುವುದು ಸುಲಭ. ಆದರೆ ಬೈಯುವ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಬೇಕು: ಅವನು ಇಲ್ಲಿ ನಿಲ್ಲಬಾರದೆಂದರೆ ಎಲ್ಲಿ ನಿಲ್ಲಬೇಕು? ನಮ್ಮ ಹಿರಿಯರು ಈ ಪ್ರಶ್ನೆಗೆ ಕಲ್ಲಿನಲ್ಲಿ, ಮರದಲ್ಲಿ, ಮಣ್ಣಿನಲ್ಲಿ ಉತ್ತರ ಬರೆದಿಟ್ಟಿದ್ದರು. ಇಂದಿನ ಕಾನೂನಿನಲ್ಲೂ ಉತ್ತರವಿದೆ. ಮರೆತವರು ನಡುವೆ ಇರುವ ನಾವು.

ಭುಜದೆತ್ತರದ ಕಲ್ಲು

ಹಳೆಯ ಮೈಸೂರು ಸೀಮೆಯ ದಾರಿಗಳ ಬದಿಯಲ್ಲಿ ಎರಡು ಕಂಬಗಳ ಮೇಲೆ ಒಂದು ಚಪ್ಪಡಿ ಅಡ್ಡ ಹಾಕಿದ ರಚನೆ ಅಲ್ಲಲ್ಲಿ ಕಾಣಸಿಗುತ್ತದೆ. ಬಾಗಿಲಿಲ್ಲದ ಬಾಗಿಲುವಾಡದ ಹಾಗೆ, ಭುಜದ ಎತ್ತರಕ್ಕೆ ನಿಂತಿರುತ್ತದೆ. ಅದು ದೇವರ ಗುಡಿಯಲ್ಲ, ವೀರಗಲ್ಲೂ ಅಲ್ಲ. ಅದು ಹೊರೆಗಲ್ಲು. ತಲೆಯ ಮೇಲೆ ಸೌದೆಯ ಹೊರೆಯನ್ನೋ ದವಸದ ಮೂಟೆಯನ್ನೋ ಹೊತ್ತು ಬಂದವರು ಇನ್ನೊಬ್ಬರ ಸಹಾಯವಿಲ್ಲದೆ ಹೊರೆಯನ್ನು ಅದರ ಮೇಲೆ ಜಾರಿಸಿ ದಣಿವಾರಿಸಿಕೊಳ್ಳಬಹುದು. ಮತ್ತೆ ಹೊರಡುವಾಗ ಬಾಗಬೇಕಿಲ್ಲ, ಎತ್ತಿಕೊಡಿ ಎಂದು ಯಾರನ್ನೂ ಕೂಗಬೇಕಿಲ್ಲ. ತಮಿಳರು ಇದನ್ನು ಸುಮೈತಾಂಗಿ ಎಂದರು, ಮಲಯಾಳಿಗಳು ಅತ್ತಾಣಿ ಎಂದರು. ತಮಿಳು ಸೀಮೆಯಲ್ಲಿ ಬಸುರಿಯಾಗಿದ್ದಾಗಲೇ ತೀರಿಕೊಂಡ ಹೆಣ್ಣುಮಕ್ಕಳ ನೆನಪಿಗೆ ಇಂಥ ಕಲ್ಲು ನಿಲ್ಲಿಸುವ ಪದ್ಧತಿ ಇತ್ತು. ಇಳಿಸಲಾಗದೆ ಹೋದ ಹೊರೆಗೆ ಇನ್ನೊಬ್ಬರ ಹೊರೆ ಇಳಿಸುವ ಸ್ಮಾರಕ!

ಇಂದಿನ ಭಾಷೆಯಲ್ಲಿ ಹೇಳುವುದಾದರೆ ಹೊರೆಗಲ್ಲು ಒಂದು ಲೋಡಿಂಗ್ ಝೋನ್. ಅದು ದಾರಿಯ ಮಧ್ಯದಲ್ಲಿರುವುದಿಲ್ಲ, ಪಕ್ಕದಲ್ಲಿರುತ್ತದೆ. ನಿಂತವರು ನಡೆಯುವವರಿಗೆ ಅಡ್ಡಿಯಾಗುವುದಿಲ್ಲ. ಫಲಕವಿಲ್ಲದಿದ್ದರೂ ಅದರ ಉಪಯೋಗ ಎಲ್ಲರಿಗೂ ಗೊತ್ತು.

ತಲೆಹೊರೆಯವರಿಗೆ ಕಲ್ಲಾದರೆ ಗಾಡಿಯವರಿಗೆ ಗುಂಡುತೋಪು. ದೇವನಹಳ್ಳಿ, ಹೊಸಕೋಟೆ, ದೊಡ್ಡಬಳ್ಳಾಪುರ, ನೆಲಮಂಗಲ ಈ ನಾಲ್ಕೂ ತಾಲ್ಲೂಕುಗಳ ಹಳ್ಳಿಗಳಲ್ಲಿ ಗುಂಡುತೋಪು ಎಂಬ ಮಾತು ಪರಿಚಿತ. ಊರ ಹೊರಗೆ ಮಾವು, ಹುಣಸೆ, ನೇರಳೆ, ಹೊಂಗೆಯ ಮರಗಳ ಒಂದು ತೋಪು. ಹತ್ತಿರದಲ್ಲಿ ಬಾವಿಯೋ ಕುಂಟೆಯೋ. ದೂರದಿಂದ ಬಂದ ಗಾಡಿಗಳು ಅಲ್ಲಿ ಕೊರಳು ಬಿಚ್ಚುತ್ತಿದ್ದವು. ಎತ್ತುಗಳಿಗೆ ನೆರಳು, ನೀರು. ಆಳುಗಳಿಗೆ ಮೂರು ಕಲ್ಲಿನ ಒಲೆ. ತೋಪು ಯಾರೊಬ್ಬರ ಸ್ವತ್ತೂ ಆಗಿರಲಿಲ್ಲ. ಕಂದಾಯದ ಕಡತಗಳಲ್ಲಿ ಅದು ಸಾರ್ವಜನಿಕ ಉಪಯೋಗದ ಭೂಮಿ. ಗ್ರಾಮದ ನಕ್ಷೆಯಲ್ಲಿ ಬಂಡಿದಾರಿಯನ್ನು ಗುರುತಿಸಿದ ಹಾಗೆಯೇ ಬಂಡಿ ನಿಲ್ಲುವ ಜಾಗವನ್ನೂ ಗುರುತಿಸಲಾಗಿತ್ತು ಎಂಬುದನ್ನು ಗಮನಿಸಬೇಕು. ದಾರಿ ಮಾಡಿದವನು ತಂಗುವ ಜಾಗವನ್ನೂ ಮಾಡಬೇಕು ಎಂಬ ವಿವೇಕ ಅದರಲ್ಲಿದೆ.

ಆ ತೋಪುಗಳು ಈಗ ಎಷ್ಟು ಉಳಿದಿವೆ ಎಂದು ಆಯಾ ಊರಿನವರೇ ಲೆಕ್ಕ ಹಾಕಿಕೊಳ್ಳಬೇಕು. 2008ರಲ್ಲಿ ದೇವನಹಳ್ಳಿಯಲ್ಲಿ ಅಂತರರಾಷ್ಟ್ರೀಯ ವಿಮಾನ ನಿಲ್ದಾಣ ಆರಂಭವಾದ ಮೇಲೆ ಈ ಸೀಮೆಯಲ್ಲಿ ಗುಂಟೆ ಲೆಕ್ಕದಲ್ಲಿ ಭೂಮಿಯ ಬೆಲೆ ಏರಿದ್ದು ಎಲ್ಲರಿಗೂ ಗೊತ್ತು. ಬೆಲೆ ಏರಿದಲ್ಲಿ ಯಾರದೂ ಅಲ್ಲದ ಭೂಮಿ ಯಾರದೋ ಆಗಿಬಿಡುವುದು ಹೊಸ ಕತೆಯಲ್ಲ.

ಸುಂಕದ ಕಟ್ಟೆಯಿಂದ ಗೂಡ್ಸ್ ಶೆಡ್ಡಿನವರೆಗೆ

ಹೊರೆ ಇಳಿಸುವ ಇನ್ನೊಂದು ಸ್ಥಳ ಸುಂಕದ ಕಟ್ಟೆ. ಮಧ್ಯಯುಗದ ಕನ್ನಡ ಶಾಸನಗಳಲ್ಲಿ ಹೆಜ್ಜುಂಕ, ವಡ್ಡರಾವುಳ, ಬಿಲ್ಕೊಡೆ ಎಂಬ ಸುಂಕಗಳ ಹೆಸರುಗಳು ಮತ್ತೆ ಮತ್ತೆ ಬರುತ್ತವೆ. ತಲೆಯ ಮೇಲಿನ ಹೊರೆ, ಎತ್ತಿನ ಮೇಲಿನ ಹೇರು, ಬಂಡಿಯ ಸರಕು ಎಂದು ಹೊರೆಯ ಬಗೆಗಳನ್ನು ಬೇರೆ ಬೇರೆಯಾಗಿ ಎಣಿಸುತ್ತಿದ್ದರು. ಎಣಿಸಬೇಕಾದರೆ ನಿಲ್ಲಿಸಬೇಕು. ಹೀಗಾಗಿ ಸುಂಕದವನ ಕಟ್ಟೆಯ ಸುತ್ತ ಗಾಡಿಗಳ ತಂಗುದಾಣ ತಾನಾಗಿ ಬೆಳೆಯಿತು. ಬೆಂಗಳೂರಿನ ಮಾಗಡಿ ರಸ್ತೆಯ ಸುಂಕದಕಟ್ಟೆ ಎಂಬ ಹೆಸರು ಅಂಥದೊಂದು ನೆನಪು. ಸುಂಕದವನ ಹತ್ತಿರ ಸುಖದುಃಖ ಹೇಳಿಕೊಂಡಂತೆ ಎಂಬ ಗಾದೆ ಹುಟ್ಟಿದ್ದೂ ಇಂಥ ಕಟ್ಟೆಗಳ ಮುಂದೆ ಕಾದು ಬೇಸತ್ತವರ ಬಾಯಲ್ಲೇ ಇರಬೇಕು.

1800ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಕಂಡಂತೆ ಆಗಿನ ಸರಕು ಸಾಗಣೆ ಬಹುಮಟ್ಟಿಗೆ ಎತ್ತು, ಕತ್ತೆಗಳ ಬೆನ್ನ ಮೇಲೆ ನಡೆಯುತ್ತಿತ್ತು. ಹೇರೆತ್ತಿಗೆ ಅಗಲವಾದ ರಸ್ತೆ ಬೇಡ. ನಿಲ್ಲಲು ಗೊತ್ತುಮಾಡಿದ ಜಾಗವೂ ಅಷ್ಟಾಗಿ ಬೇಡ. 1834ರಿಂದ 1861ರವರೆಗೆ ಕಮೀಷನರ್ ಆಗಿದ್ದ ಮಾರ್ಕ್ ಕಬ್ಬನ್ ಕಾಲದಲ್ಲಿ ಗಾಡಿ ರಸ್ತೆಗಳು ವಿಸ್ತರಿಸಿದವು. ಎತ್ತಿನ ಬೆನ್ನಿನಿಂದ ಚಕ್ರಕ್ಕೆ ಹೊರೆ ವರ್ಗವಾದಾಗ ಮೊದಲ ಸಲ ಜಾಗದ ತಕರಾರು ಶುರುವಾಯಿತು ಎನ್ನಬಹುದು. ಎರಡು ಎತ್ತು ಕಟ್ಟಿದ ಒಂದು ಗಾಡಿ ಪೇಟೆಯ ಓಣಿಯಲ್ಲಿ ನಿಂತರೆ ಮುಗಿಯಿತು, ಮತ್ತೊಂದು ಗಾಡಿ ತಿರುಗಲಾರದು. ಬೆಂಗಳೂರಿನ ಹಳೆ ಪೇಟೆಯಲ್ಲಿ ಅಕ್ಕಿಪೇಟೆ, ಅರಳೆಪೇಟೆ, ರಾಗಿಪೇಟೆ ಎಂದು ಸರಕಿನ ಹೆಸರಿನಲ್ಲೇ ಬೀದಿಗಳಿದ್ದುದರಿಂದ ಯಾವ ಹೊರೆ ಎಲ್ಲಿ ಇಳಿಯಬೇಕೆಂಬುದು ಗಾಡಿಯವನಿಗೆ ಮೊದಲೇ ತಿಳಿದಿರುತ್ತಿತ್ತು.

ಆಮೇಲಿನ ಪುರಸಭಾ ಕಾನೂನುಗಳು ಗಾಡಿ ನಿಲ್ದಾಣವನ್ನು ಸ್ಪಷ್ಟವಾಗಿಯೇ ಹೆಸರಿಸಿದವು. ಆಗ ದಕ್ಷಿಣ ಕನ್ನಡ, ಬಳ್ಳಾರಿ ಜಿಲ್ಲೆಗಳನ್ನು ಒಳಗೊಂಡಿದ್ದ ಮದರಾಸು ಪ್ರಾಂತ್ಯದ 1920ರ ಜಿಲ್ಲಾ ಪುರಸಭೆಗಳ ಕಾನೂನಿನಲ್ಲಿ ಸಾರ್ವಜನಿಕ ಗಾಡಿ ನಿಲ್ದಾಣ ಕಟ್ಟಿಸುವ ಅಧಿಕಾರ ಪುರಸಭೆಗಿತ್ತು. ಸಂಡಾಸು, ಚರಂಡಿ, ಕಸಾಯಿಖಾನೆಗಳ ಸಾಲಿನಲ್ಲಿ ಗಾಡಿ ನಿಲ್ದಾಣವೂ ಒಂದು ಪೌರ ಸೌಕರ್ಯವೆಂದು ಆ ಕಾಲದವರು ಎಣಿಸಿದ್ದರು.

ರೈಲು ಬಂದಾಗ ಮತ್ತೊಂದು ಪಾಠ ಬಂತು. ಗೂಡ್ಸ್ ಶೆಡ್ಡಿನಲ್ಲಿ ವ್ಯಾಗನ್ ನಿಂತರೆ ಇಂತಿಷ್ಟು ಗಂಟೆಯೊಳಗೆ ಸರಕು ಇಳಿಸಬೇಕು. ಮೀರಿದರೆ ಡೆಮರೇಜ್. ಇಳಿಸಿದ ಸರಕನ್ನು ಅಲ್ಲೇ ಬಿಟ್ಟರೆ ವಾರ್ಫೇಜ್. ಈ ಎರಡು ಪದಗಳು ನಮ್ಮ ಮಂಡಿ ವ್ಯಾಪಾರಿಗಳ ಬಾಯಲ್ಲಿ ಅಚ್ಚಗನ್ನಡದಷ್ಟೇ ಸಲೀಸು. ನಿಲ್ಲುವ ಜಾಗಕ್ಕೆ ಬೆಲೆಯಿದೆ, ಆ ಬೆಲೆ ಗಂಟೆಯ ಲೆಕ್ಕದಲ್ಲಿದೆ ಎಂಬ ಅರಿವನ್ನು ನಮಗೆ ಮೊದಲು ಕಲಿಸಿದ್ದು ರೈಲ್ವೆ. ಆದರೆ ರೈಲ್ವೆ ದಂಡ ಹಾಕುವ ಮುನ್ನ ಶೆಡ್ಡನ್ನು ಕಟ್ಟಿತ್ತು.

ಸಂತೆ ಮತ್ತು ಜಾತ್ರೆಯ ಶಿಸ್ತು

ಸಾವಿರಾರು ಜನ, ನೂರಾರು ಗಾಡಿ ಸೇರಿದರೂ ಪೊಲೀಸರಿಲ್ಲದೆ ವ್ಯವಸ್ಥೆ ನಡೆಯಬಲ್ಲುದು ಎಂಬುದಕ್ಕೆ ನಮ್ಮ ಜಾತ್ರೆಗಳೇ ಸಾಕ್ಷಿ. ದೊಡ್ಡಬಳ್ಳಾಪುರ ತಾಲ್ಲೂಕಿನ ಘಾಟಿ ಸುಬ್ರಹ್ಮಣ್ಯದಲ್ಲಿ ಪುಷ್ಯ ಶುದ್ಧ ಷಷ್ಠಿಯ ಬ್ರಹ್ಮರಥೋತ್ಸವದ ಸುಮಾರಿಗೆ ಸೇರುವ ದನಗಳ ಜಾತ್ರೆ ಈ ಭಾಗದಲ್ಲಿ ಬಹಳ ಹೆಸರುವಾಸಿ. ಹಳ್ಳಿಕಾರ್ ಎತ್ತುಗಳನ್ನು ಕೊಳ್ಳಲು ದೂರದೂರದ ರೈತರು ಬರುತ್ತಾರೆ. ಇಂಥ ಜಾತ್ರೆಯಲ್ಲಿ ಇಂತಿಂಥ ಊರಿನವರ ಬಿಡಾರ ಇಂತಿಂಥ ಕಡೆ ಎಂಬುದು ವರ್ಷದಿಂದ ವರ್ಷಕ್ಕೆ ನಡೆದುಬಂದ ರೂಢಿ. ನೀರಿನ ತೊಟ್ಟಿ ಎಲ್ಲಿ, ಹುಲ್ಲಿನ ಗಾಡಿ ಎಲ್ಲಿ, ತೇರಿನ ದಾರಿ ಯಾವುದು ಎಂದು ಹೇಳಿಕೊಡಬೇಕಿಲ್ಲ. ತೇರು ಎಳೆಯುವ ಹಾದಿಯಲ್ಲಿ ಯಾರೂ ಗಾಡಿ ಬಿಡುವುದಿಲ್ಲ. ಭಯಭಕ್ತಿ ಅದಕ್ಕೆ ಒಂದು ಕಾರಣ. ಬೇರೆ ಕಡೆ ಜಾಗವಿದೆ ಎಂಬುದು ಅಷ್ಟೇ ಮುಖ್ಯವಾದ ಇನ್ನೊಂದು ಕಾರಣ.

ವಾರದ ಸಂತೆಯೂ ಹೀಗೆಯೇ. ಸಂತೆ ಮೈದಾನದ ಒಂದು ಮೂಲೆ ಗಾಡಿಗಳಿಗೆ, ಒಂದು ಮೂಲೆ ದನಕುರಿಗಳಿಗೆ ಮೀಸಲು. ಕರ್ನಾಟಕದ 1993ರ ಪಂಚಾಯತ್ ರಾಜ್ ಕಾನೂನು ಗ್ರಾಮ ಪಂಚಾಯಿತಿಗೆ ಸಂತೆಯ ಶುಲ್ಕ, ಮಾರಾಟಕ್ಕೆ ಬಂದ ಜಾನುವಾರುಗಳ ನೋಂದಣಿ ಶುಲ್ಕ, ಬಸ್ಸು–ಟ್ಯಾಕ್ಸಿ–ಆಟೋ ನಿಲ್ದಾಣಗಳ ಶುಲ್ಕ ಎತ್ತುವ ಅಧಿಕಾರ ಕೊಟ್ಟಿದೆ. ಶುಲ್ಕ ಎತ್ತುವ ಅಧಿಕಾರದ ಬೆನ್ನಿಗೆ ಜಾಗ ಒದಗಿಸುವ ಹೊಣೆಯೂ ಇದೆ ಎಂಬುದು ಸಹಜ ನ್ಯಾಯ. ಆದರೆ ಸಂತೆಯ ಹರಾಜು ಮುಗಿದ ಮೇಲೆ ಆ ಹೊಣೆ ನೆನಪಿರುವುದು ಅಪರೂಪ. ಮೈದಾನದಲ್ಲಿ ಮಳಿಗೆಗಳು ಎದ್ದವೆಂದರೆ ಸಂತೆ ರಸ್ತೆಗೆ ಬರುತ್ತದೆ. ಸಂತೆ ರಸ್ತೆಗೆ ಬಂದರೆ ಅದರ ಗಾಡಿಗಳು ಹೆದ್ದಾರಿಗೆ ಬರುತ್ತವೆ.

ಹೊತ್ತು ಮೀರಿದರೆ ಹಾಳಾಗುವ ಸರಕಿನ ವಿಷಯದಲ್ಲಿ ಇದು ಇನ್ನೂ ಸೂಕ್ಷ್ಮ. ದೇವನಹಳ್ಳಿ ತಾಲ್ಲೂಕಿನ ವಿಜಯಪುರದಲ್ಲಿ ರೇಷ್ಮೆಗೂಡಿನ ಮಾರುಕಟ್ಟೆ ಇದೆ. ಗೂಡು ಬಿಡಿಸಿದ ಮೇಲೆ ರೈತನಿಗೆ ಇರುವುದು ಕೆಲವೇ ದಿನಗಳ ಗಡುವು. ತಡವಾದರೆ ಒಳಗಿನ ಪತಂಗ ಗೂಡನ್ನು ಸೀಳಿ ಹೊರಬರುತ್ತದೆ. ಸೀಳಿದ ಗೂಡಿನಿಂದ ಉದ್ದನೆಯ ನೂಲು ಬಾರದು. ಇಂಥ ರೈತನಿಗೆ ಮಾರುಕಟ್ಟೆಯ ಬಾಗಿಲಲ್ಲಿ ಮೂಟೆ ಇಳಿಸಲು ಸಿಗುವ ಹತ್ತು ನಿಮಿಷದ ಜಾಗ ಒಂದು ಬೆಳೆಯಷ್ಟೇ ಬೆಲೆಯುಳ್ಳದ್ದು. ದೊಡ್ಡಬಳ್ಳಾಪುರದ ಮಗ್ಗಗಳ ಓಣಿಗಳಲ್ಲಿ ನೂಲಿನ ಗಂಟು ಇಳಿಸುವವರ ಪಾಡೂ ಬೇರೆಯಲ್ಲ.

ಕಾನೂನು ಹೇಳುವುದೇನು?

ಈಗ ಕಾನೂನಿನ ಪುಸ್ತಕ ತೆರೆಯೋಣ. ನಮ್ಮ ಈಗಿನ ಮೋಟಾರು ವಾಹನ ಕಾಯಿದೆ 1988ರದು. ಜಾರಿಗೆ ಬಂದದ್ದು 1989ರ ಜುಲೈ 1ರಂದು. ಅದರ 122ನೇ ಸೆಕ್ಷನ್ ಪ್ರಕಾರ ಇತರರಿಗೆ ಅಪಾಯ, ಅಡಚಣೆ ಅಥವಾ ಅತಿಯಾದ ಅನನುಕೂಲ ಆಗುವಂತೆ ಯಾರೂ ವಾಹನವನ್ನು ಸಾರ್ವಜನಿಕ ಸ್ಥಳದಲ್ಲಿ ನಿಲ್ಲಿಸಕೂಡದು. 127ನೇ ಸೆಕ್ಷನ್ ಪ್ರಕಾರ ಹತ್ತು ಗಂಟೆ ಅಥವಾ ಅದಕ್ಕೂ ಹೆಚ್ಚು ಕಾಲ ಯಾರೂ ಇಲ್ಲದೆ ಬಿಟ್ಟ ವಾಹನವನ್ನು, ನಿಷೇಧವಿರುವ ಕಡೆ ನಿಲ್ಲಿಸಿದ ವಾಹನವನ್ನು, ಸಮವಸ್ತ್ರದಲ್ಲಿರುವ ಪೊಲೀಸ್ ಅಧಿಕಾರಿ ಎಳೆಸಬಹುದು. ಸಾಮಾನ್ಯ ತಪ್ಪುಗಳಿಗೆ ದಂಡ ಹೇಳುವ 177ನೇ ಸೆಕ್ಷನ್‌ನಲ್ಲಿ ಮೊದಲು 100 ರೂಪಾಯಿಯ ಮಿತಿಯಿತ್ತು. ಕೇಂದ್ರದ 2019ರ ತಿದ್ದುಪಡಿ ಅದನ್ನು 500 ರೂಪಾಯಿಗೆ, ಮತ್ತೆ ಮಾಡಿದರೆ 1,500 ರೂಪಾಯಿಗೆ ಏರಿಸಿತು.

ಎಲ್ಲಿ ನಿಲ್ಲಿಸಬಾರದು ಎಂಬ ಪಟ್ಟಿಯೂ 1989ರ ರಸ್ತೆ ನಿಯಮಗಳಲ್ಲಿತ್ತು. ಅಡ್ಡರಸ್ತೆಯ ಬಳಿ, ತಿರುವಿನಲ್ಲಿ, ದಿಬ್ಬದ ನೆತ್ತಿಯಲ್ಲಿ, ಉಬ್ಬು ಸೇತುವೆಯ ಮೇಲೆ, ಕಾಲುದಾರಿಯಲ್ಲಿ, ವೇಗದ ವಾಹನಗಳಿರುವ ಮುಖ್ಯ ರಸ್ತೆಯಲ್ಲಿ, ನಿಂತ ಇನ್ನೊಂದು ವಾಹನದ ಪಕ್ಕದಲ್ಲಿ ಅಥವಾ ಎದುರಿನಲ್ಲಿ, ಬಸ್ ನಿಲ್ದಾಣ, ಶಾಲೆ, ಆಸ್ಪತ್ರೆಗಳ ಬಾಗಿಲಲ್ಲಿ ನಿಲ್ಲಿಸುವಂತಿಲ್ಲ. 2017ರಲ್ಲಿ ಇವುಗಳ ಜಾಗಕ್ಕೆ ಹೊಸ ಚಾಲನಾ ನಿಯಮಗಳು ಬಂದವು. ಪಟ್ಟಿಯ ಸ್ವಭಾವ ಬದಲಾಗಲಿಲ್ಲ.

ಫಲಕಗಳಲ್ಲೂ ಒಂದು ವ್ಯತ್ಯಾಸ ತಿಳಿದಿರಬೇಕು. ಕೆಂಪು ಅಂಚಿನ ನೀಲಿ ವೃತ್ತದಲ್ಲಿ ಒಂದು ಓರೆಗೆರೆ ಇದ್ದರೆ ವಾಹನ ಬಿಟ್ಟು ಹೋಗುವಂತಿಲ್ಲ ಎಂದರ್ಥ. ಎರಡು ಗೆರೆ ಒಂದನ್ನೊಂದು ಕತ್ತರಿಸಿದ್ದರೆ ನಿಲ್ಲುವಂತೆಯೇ ಇಲ್ಲ. 1968ರ ವಿಯೆನ್ನಾ ರಸ್ತೆ ಸಂಚಾರ ಒಪ್ಪಂದ ಈ ಭೇದವನ್ನು ಚೆನ್ನಾಗಿ ಹೇಳುತ್ತದೆ: ಜನರನ್ನು ಹತ್ತಿಸಿ ಇಳಿಸಲು, ಸರಕು ಹೇರಿ ಇಳಿಸಲು ಬೇಕಾಗುವಷ್ಟು ಹೊತ್ತು ನಿಂತರೆ ಅದು ತಾತ್ಕಾಲಿಕ ನಿಲುಗಡೆ, ಅದನ್ನು ಮೀರಿ ನಿಂತರೆ ಪಾರ್ಕಿಂಗ್. ಲೋಡಿಂಗ್ ಝೋನ್ ಎಂಬ ಕಲ್ಪನೆ ಹುಟ್ಟುವುದೇ ಈ ಗೆರೆಯ ಮೇಲೆ. ನಮ್ಮ ಪಟ್ಟಣಗಳ ಅಂಗಡಿ ಬೀದಿಗಳಲ್ಲಿ ಮೂಟೆ ಇಳಿಸುವ ಟೆಂಪೊಗೂ, ಮಾಲೀಕ ಊಟಕ್ಕೆ ಹೋದಾಗ ಬಿಟ್ಟುಹೋದ ಕಾರಿಗೂ ನಾವು ಅಂತರ ಮಾಡುವುದಿಲ್ಲ. ಕಾರು ಬೆಳಿಗ್ಗೆಯಿಂದ ನಿಂತಿರುವುದರಿಂದಲೇ ಟೆಂಪೊ ರಸ್ತೆಯ ಮಧ್ಯೆ ನಿಂತು ಇಳಿಸಬೇಕಾಗುತ್ತದೆ. ದಂಡ ಮಾತ್ರ ಟೆಂಪೊದವನಿಗೆ.

ಇಷ್ಟೆಲ್ಲ ‘ಕೂಡದು’ಗಳ ನಡುವೆ 117ನೇ ಸೆಕ್ಷನ್ ತಣ್ಣಗೆ ಕುಳಿತಿದೆ. ರಾಜ್ಯ ಸರ್ಕಾರ ಅಥವಾ ಅದು ಅಧಿಕಾರ ಕೊಟ್ಟ ಪ್ರಾಧಿಕಾರ, ಸ್ಥಳೀಯ ಸಂಸ್ಥೆಯೊಡನೆ ಸಮಾಲೋಚಿಸಿ, ಮೋಟಾರು ವಾಹನಗಳು ಅನಿರ್ದಿಷ್ಟ ಕಾಲ ಅಥವಾ ನಿಗದಿತ ಹೊತ್ತು ನಿಲ್ಲಬಹುದಾದ ಸ್ಥಳಗಳನ್ನು ಗೊತ್ತುಮಾಡಬಹುದು ಎಂದು ಅದು ಹೇಳುತ್ತದೆ. ಇದೇ ನಮ್ಮ ಕಾನೂನಿನ ಹೊರೆಗಲ್ಲು. 122 ಮತ್ತು 127ನ್ನು ಪೊಲೀಸರು ಆಗಾಗ ನೆನೆಯುತ್ತಾರೆ. 117ನ್ನು ನೆನೆಯಬೇಕಾದವರು ಊರಿನವರು, ಪಂಚಾಯಿತಿಯವರು, ಜಿಲ್ಲಾಡಳಿತದವರು. ನೆನಪಿನ ಈ ಅಸಮತೋಲದಿಂದಲೇ ತೊಂದರೆ. ಸಂತೆಯ ಹೊತ್ತಿಗೆ ಮೂರು ಮೊಳ ನೇಯ್ದ ಹಾಗೆ ಅಪಘಾತವಾದ ವಾರ ನಾಲ್ಕು ಲಾರಿಗೆ ದಂಡ ಹಾಕಿದರೆ ಐದನೇ ವಾರಕ್ಕೆ ಸಾಲು ಮತ್ತೆ ಮೊದಲಿನಂತೆ.

ನಗರದ ಬಾಗಿಲು, ಹಳ್ಳಿಯ ಅಂಗಳ

ಕ್ರಿಸ್ತಪೂರ್ವ 45ರ ರೋಮಿನಲ್ಲಿ ಜೂಲಿಯಸ್ ಸೀಸರನ ಕಾನೂನು ಹಗಲಿನ ಹತ್ತು ಗಂಟೆಗಳ ಕಾಲ ಸರಕಿನ ಗಾಡಿಗಳು ನಗರದೊಳಗೆ ಬರುವುದನ್ನು ನಿಷೇಧಿಸಿತು. ಬೀದಿಗಳು ಅಷ್ಟು ಕಿಕ್ಕಿರಿದಿದ್ದವು. ಪರಿಣಾಮ, ಗಾಡಿಗಳು ರಾತ್ರಿ ಬರತೊಡಗಿದವು. ಕಲ್ಲುಹಾಸಿನ ಮೇಲೆ ಚಕ್ರಗಳ ಸದ್ದಿಗೆ ನಗರದವರು ನಿದ್ದೆಗೆಟ್ಟರು. ಹಗಲಿನ ಕಷ್ಟ ರಾತ್ರಿಗೆ ವರ್ಗವಾಯಿತು, ಅಷ್ಟೇ.

ಬೆಂಗಳೂರು ನಗರವೂ ಹಗಲಿನ ನಿಗದಿತ ಅವಧಿಗಳಲ್ಲಿ ಭಾರೀ ಸರಕು ವಾಹನಗಳನ್ನು ಒಳಗೆ ಬಿಡುವುದಿಲ್ಲ. ನಗರದ ದೃಷ್ಟಿಯಿಂದ ಇದು ಸರಿಯೇ. ಆದರೆ ಮುಂಬಯಿಯಿಂದಲೋ ಮಂಗಳೂರಿನಿಂದಲೋ ಬಂದ ಲಾರಿ ಬೆಳಗ್ಗೆ ನೆಲಮಂಗಲ ತಲುಪಿದರೆ ಬಾಗಿಲು ತೆರೆಯುವವರೆಗೆ ಎಲ್ಲಿರಬೇಕು? ಚೆನ್ನೈ ಕಡೆಯಿಂದ ಹೊಸಕೋಟೆಗೆ ಬಂದದ್ದು? ನಗರದ ನಿಷೇಧ ಹೀಗೆ ಗ್ರಾಮಾಂತರದ ನಿಲುಗಡೆಯಾಗುತ್ತದೆ. 1986ರಲ್ಲಿ ಬೆಂಗಳೂರು ಜಿಲ್ಲೆಯನ್ನು ಒಡೆದು ಗ್ರಾಮಾಂತರ ಜಿಲ್ಲೆ ಮಾಡಿದಾಗ ಗೆರೆ ಎಳೆದದ್ದು ಆಡಳಿತದ ಅನುಕೂಲಕ್ಕೆ. ಲಾರಿಗೆ ಆ ಗೆರೆ ಇಲ್ಲ. ನಗರದ ಅಂಗಡಿಗೆ ಹೋಗುವ ಸಾಮಾನು ಹಳ್ಳಿಯ ಶಾಲೆಯ ಮುಂದೆ ಕಾಯುತ್ತದೆ.

ಯಶವಂತಪುರದಲ್ಲಿ ಡಿ. ದೇವರಾಜ ಅರಸು ಹೆಸರಿನ ಸರ್ಕಾರಿ ಸಂಸ್ಥೆಯ ಟ್ರಕ್ ಟರ್ಮಿನಲ್ ಇದೆ. ಅದನ್ನು ಕಟ್ಟಿದಾಗ ಆ ಜಾಗ ಊರಂಚು. ಈಗ ನಗರ ಅದನ್ನು ನುಂಗಿಕೊಂಡು ಮುಂದೆ ಹೋಗಿದೆ. ಊರಂಚು ಸರಿಯುತ್ತ ಹೋದರೆ ತಂಗುದಾಣವೂ ಸರಿಯಬೇಕು. ದಾಬಸ್‌ಪೇಟೆಯಿಂದ ದೊಡ್ಡಬಳ್ಳಾಪುರದ ಮೂಲಕ ಹೊಸಕೋಟೆಗೆ ಹೋಗುವ ಹೊರವರ್ತುಲ ಹೆದ್ದಾರಿ 2024ರಲ್ಲಿ ತೆರೆದುಕೊಂಡಿತು. ದಾಬಸ್‌ಪೇಟೆಯ ಸಮೀಪ ಮುದ್ದಲಿಂಗನಹಳ್ಳಿಯಲ್ಲಿ ಸುಮಾರು 400 ಎಕರೆಯ ಸರಕು ಸಾಗಣೆ ಪಾರ್ಕ್ ರೂಪಿಸಲಾಗಿದೆ. ರಸ್ತೆ, ರೈಲು ಎರಡೂ ಸೇರುವ ಇಂಥ ಜಾಗ ಸರಿಯಾದ ಕ್ರಮವೇ. ಆದರೆ ದೊಡ್ಡ ಪಾರ್ಕಿನ ಒಳಗೆ ಹೋಗಲಾರದ, ಒಂದೇ ಲಾರಿಯ ಒಡೆಯನೂ ಚಾಲಕನೂ ಆಗಿರುವವನಿಗೆ ದಾರಿಬದಿಯಲ್ಲಿ ದೀಪ, ನೀರು, ಶೌಚಾಲಯ ಇರುವ ಒಂದು ಎಕರೆಯ ತಂಗುದಾಣ ಬೇಕೇಬೇಕು. ಗುಂಡುತೋಪು ಅದೇ ಆಗಿತ್ತಲ್ಲವೇ?

ಕೆಟ್ಟು ನಿಂತ ಲಾರಿಯ ವಿಷಯ ಪ್ರತ್ಯೇಕವಾಗಿ ಹೇಳಬೇಕು. ನಮ್ಮ ಚಾಲಕರು ಹಿಂದೆ ಮುಂದೆ ದಪ್ಪ ಕಲ್ಲುಗಳನ್ನಿಟ್ಟು, ಹಸಿ ಸೊಪ್ಪಿನ ಕೊಂಬೆ ಸಿಕ್ಕಿಸಿ ಎಚ್ಚರಿಕೆ ಕೊಡುತ್ತಾರೆ. ಹಗಲಲ್ಲಿ ಈ ಸೊಪ್ಪಿನ ಭಾಷೆ ಎಲ್ಲರಿಗೂ ಅರ್ಥವಾಗುತ್ತದೆ. ರಾತ್ರಿ ಸೊಪ್ಪು ಹೊಳೆಯುವುದಿಲ್ಲ. ಬೆಳಕನ್ನು ಹಿಂದಿರುಗಿಸುವ ತ್ರಿಕೋನ ಫಲಕ ಬೇಕು ಎನ್ನುವುದು ಅದಕ್ಕೆ. ಇನ್ನೂ ಕೆಟ್ಟದ್ದೆಂದರೆ ಲಾರಿ ರಿಪೇರಿಯಾಗಿ ಹೋದ ಮೇಲೂ ಕಲ್ಲುಗಳು ರಸ್ತೆಯಲ್ಲೇ ಉಳಿಯುವುದು. ಇಟ್ಟ ಕಲ್ಲನ್ನು ತೆಗೆದು ಹೋಗುವುದಕ್ಕೆ ಯಾವ ಸೆಕ್ಷನ್ನೂ ಬೇಕಿಲ್ಲ.

ರಾಗಿಯ ಸುಗ್ಗಿ, ಹಿಮದ ಕಾಲ

ಡಿಸೆಂಬರ್–ಜನವರಿಯಲ್ಲಿ ಈ ಜಿಲ್ಲೆಯ ಒಳದಾರಿಗಳಲ್ಲಿ ಹೋದವರಿಗೆ ಡಾಂಬರು ಕಾಣದಂತೆ ಹಾಸಿದ ರಾಗಿ ತೆನೆ, ಹುರುಳಿ ಗಿಡ ಪರಿಚಿತ. ಹಿಂದೆ ಪ್ರತಿ ರೈತನಿಗೂ ಕಣವಿತ್ತು. ನೆಲ ಕೆತ್ತಿ, ನೀರು ಹೊಡೆದು, ಸಗಣಿ ಸಾರಿಸಿ, ನಡುವೆ ಮೇಟಿ ನೆಟ್ಟು, ಎತ್ತುಗಳಿಂದ ರೋಣಗಲ್ಲು ಎಳೆಸುತ್ತಿದ್ದರು. ಎತ್ತು ಹೋಯಿತು, ಆಳು ಸಿಗದಾಯಿತು, ಹೊಲ ಹರಿದು ಹಂಚಿಹೋಯಿತು. ಸರ್ಕಾರ ಬಿಟ್ಟಿಯಾಗಿ ಹಾಕಿಕೊಟ್ಟ ಗಟ್ಟಿ ಕಣ, ಅಂದರೆ ರಸ್ತೆ, ಮನೆ ಮುಂದೆ ಬಂತು. ಓಡಾಡುವ ಬಸ್ಸು ಲಾರಿಗಳ ಟೈರೇ ರೋಣಗಲ್ಲಾಯಿತು.

ಅಪಾಯಗಳು ಗೊತ್ತಿಲ್ಲದವಲ್ಲ. ಬೈಕಿನ ಚಕ್ರ ಜಾರುತ್ತದೆ. ಒಣಹುಲ್ಲು ಕಾರಿನ ಅಡಿಗೆ ಸುತ್ತಿಕೊಂಡು ಸೈಲೆನ್ಸರಿನ ಬಿಸಿಗೆ ಬೆಂಕಿ ಹತ್ತಿದ ಪ್ರಸಂಗಗಳಿವೆ. ಕಾಳಿಗೆ ಮಣ್ಣು, ಕಲ್ಲು, ಎಣ್ಣೆ ಸೇರುತ್ತದೆ. ಸಾರ್ವಜನಿಕ ದಾರಿಗೆ ಅಡ್ಡಿ ಮಾಡಿದರೆ ಹಳೆಯ ದಂಡಸಂಹಿತೆಯ 283ನೇ ಸೆಕ್ಷನ್‌ನಲ್ಲಿ 200 ರೂಪಾಯಿವರೆಗೆ ದಂಡವಿತ್ತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯಸಂಹಿತೆಯ 285ನೇ ಸೆಕ್ಷನ್‌ನಲ್ಲಿ ಅದು 5,000 ರೂಪಾಯಿವರೆಗೆ. ದಂಡ ಇಪ್ಪತ್ತೈದು ಪಟ್ಟು ಏರಿತು. ಕಣ ಎಷ್ಟು ಪಟ್ಟು ಏರಿತು ಎಂದು ರೈತ ಕೇಳಿದರೆ ಉತ್ತರ ಹೇಳುವುದು ಕಷ್ಟ. ಉದ್ಯೋಗ ಖಾತರಿಯ ಹಣದಲ್ಲಿ ಒಕ್ಕಣೆ ಕಣ ಕಟ್ಟಿಕೊಟ್ಟ ಪಂಚಾಯಿತಿಗಳುಂಟು. ಅವು ಎಲ್ಲ ಊರಿಗೂ ತಲುಪಲಿಲ್ಲ.

ಇದೇ ಡಿಸೆಂಬರಿನಲ್ಲಿ ಅಮೆರಿಕದ ಚಿಕಾಗೋ, ಮಿನಿಯಾಪೊಲಿಸ್‌ಗಳಲ್ಲಿ ನೆಲೆಸಿದ ನಮ್ಮ ಕನ್ನಡ ಕುಟುಂಬಗಳು ಬೇರೊಂದು ಚಿಂತೆಯಲ್ಲಿರುತ್ತವೆ. ಅಲ್ಲಿ ರಸ್ತೆ ತುಂಬುವುದು ಹಿಮ. ಹಿಮ ನೂಕುವ ಯಂತ್ರ ರಾತ್ರಿ ಬರುತ್ತದೆ. ಬದಿಯಲ್ಲಿ ಕಾರುಗಳು ನಿಂತಿದ್ದರೆ ಅದರ ಕೆಲಸ ಕೆಟ್ಟಿತು. ಆದ್ದರಿಂದ ಚಿಕಾಗೋದ ಕೆಲವು ಮುಖ್ಯ ರಸ್ತೆಗಳಲ್ಲಿ ಡಿಸೆಂಬರ್ 1ರಿಂದ ಏಪ್ರಿಲ್ 1ರವರೆಗೆ, ಹಿಮ ಬೀಳಲಿ ಬೀಳದಿರಲಿ, ಬೆಳಗಿನ ಜಾವ 3ರಿಂದ 7 ಗಂಟೆಯವರೆಗೆ ಕಾರು ನಿಲ್ಲಿಸುವಂತಿಲ್ಲ. ಮಿನಿಯಾಪೊಲಿಸ್‌ನ ಕ್ರಮ ಇನ್ನೂ ಚೆನ್ನಾಗಿದೆ. ಹಿಮದ ತುರ್ತುಸ್ಥಿತಿ ಸಾರಿದ ಮೇಲೆ ಮೂರು ದಿನದ ಸರದಿ. ಮೊದಲ ರಾತ್ರಿ ಗುರುತಿಸಿದ ಮುಖ್ಯ ಹಾದಿಗಳು ಖಾಲಿಯಿರಬೇಕು. ಎರಡನೇ ದಿನ ಉಳಿದ ಬೀದಿಗಳಲ್ಲಿ ಸಮಸಂಖ್ಯೆಯ ಮನೆಗಳ ಬದಿ, ಮೂರನೇ ದಿನ ಬೆಸಸಂಖ್ಯೆಯ ಬದಿ. ಒಂದು ಬದಿ ಬೇಡ ಎಂದಾಗ ಇನ್ನೊಂದು ಬದಿ ಇದೆ ಎಂಬ ಸೂಚನೆ ನಿಯಮದೊಳಗೇ ಅಡಗಿದೆ. ಅಲ್ಲೂ ದಂಡ ಹಾಕುತ್ತಾರೆ, ಕಾರು ಎಳೆದೊಯ್ಯುತ್ತಾರೆ. ಆದರೆ ಎಲ್ಲಿ ನಿಲ್ಲಿಸಲಿ ಎಂದು ಕೇಳಿದವನಿಗೆ ಮೊದಲೇ ಉತ್ತರ ಸಿಕ್ಕಿರುತ್ತದೆ.

ನಮ್ಮ ರಾಗಿ ಹಿಮಕ್ಕಿಂತ ಹೆಚ್ಚು ನಂಬಿಗಸ್ತ. ಅದು ಯಾವ ತಿಂಗಳಲ್ಲಿ ರಸ್ತೆಗೆ ಬರುತ್ತದೆಂದು ಹವಾಮಾನ ಇಲಾಖೆಯನ್ನು ಕೇಳಬೇಕಿಲ್ಲ. ಸಂತೆ ಮೈದಾನ ವಾರದಲ್ಲಿ ಆರು ದಿನ ಬರಿದಾಗಿರುತ್ತದೆ. ಸುಗ್ಗಿಯ ಎರಡು ತಿಂಗಳು ಅದನ್ನು ಸರದಿಯ ಮೇಲೆ ಒಕ್ಕಣೆಗೆ ಬಿಟ್ಟುಕೊಟ್ಟರೆ ಪಂಚಾಯಿತಿ ಕಳೆದುಕೊಳ್ಳುವುದೇನು? ರಾಗಿ ಖರೀದಿ ಕೇಂದ್ರಗಳ ಮುಂದೆ ಟ್ರಾಕ್ಟರುಗಳು ರಸ್ತೆಯಲ್ಲಿ ಸಾಲು ನಿಲ್ಲುವ ಬದಲು ದಿನ, ಹೊತ್ತು ಬರೆದ ಚೀಟಿ ಹಿಡಿದು ಬರುವಂತಾದರೆ ರೈತನ ರಾತ್ರಿಗಳು ಉಳಿಯುತ್ತವೆ. ಪೇಟೆ ಬೀದಿಯಲ್ಲಿ ಬೆಳಗ್ಗೆ ಎರಡು ತಾಸು ಸರಕು ಇಳಿಸುವವರಿಗೆ ಮಾತ್ರ ಎಂದು ನಾಲ್ಕು ಗಾಡಿಯಷ್ಟು ಜಾಗಕ್ಕೆ ಬಣ್ಣ ಬಳಿದರೆ ಅದಕ್ಕೆ ತಗಲುವುದು ಒಂದು ಡಬ್ಬ ಬಣ್ಣ. ಉಳಿದಿರುವ ಗುಂಡುತೋಪುಗಳನ್ನು ಅಳೆದು ಬೇಲಿ ಹಾಕುವುದಕ್ಕೆ ಹೊಸ ಕಾನೂನು ಬೇಡ. ಹಳೆಯ ನಕ್ಷೆ ಸಾಕು.

ಇವೆಲ್ಲ ಸಣ್ಣ ಮಾತುಗಳೆನಿಸಬಹುದು. ಆದರೆ ಹೆದ್ದಾರಿಯ ಅಂಚಿನಲ್ಲಿ ಆಗುವ ಸಾವುಗಳು ಸಣ್ಣವಲ್ಲ. ಸಾಯುವವನಿಗೆ ಲಾರಿಯೊಡನೆ ಯಾವ ವ್ಯಾಜ್ಯವೂ ಇರುವುದಿಲ್ಲ. ಹಾಲಿನ ಕ್ಯಾನು ಕಟ್ಟಿಕೊಂಡೋ ಕಾರ್ಖಾನೆಯ ಎರಡನೇ ಪಾಳಿ ಮುಗಿಸಿಕೊಂಡೋ ಮನೆಗೆ ಹೊರಟಿರುತ್ತಾನೆ. ಲಾರಿಯವನೂ ಕೊಲ್ಲಲೆಂದು ನಿಂತವನಲ್ಲ; ನಿಲ್ಲಲು ಬೇರೆ ಜಾಗವಿಲ್ಲದೆ ನಿಂತವನು. ಈ ಇಬ್ಬರ ನಡುವೆ ಇರಬೇಕಾದದ್ದು ಒಂದಿಷ್ಟು ಜಾಗ. ದಾರಿಹೋಕನೊಬ್ಬ ಯಾರ ನೆರವೂ ಇಲ್ಲದೆ ಹೊರೆ ಇಳಿಸಿ ಉಸಿರು ಬಿಡಲೆಂದು ಎರಡು ಕಂಬ ನೆಟ್ಟು ಚಪ್ಪಡಿ ಹಾಕಿದವರಿಗೆ ಅದು ಹೊಳೆದಿತ್ತು.